ಆರು ತುಂಬಿದವರಿಗೆ

ವಾಡ್ಸೋದಲ್ಲಿ ಸೂರ್ಯ ಮುಳುಗಿ ಹದಿನಾರು ದಿನ.
ಹನ್ನೊಂದರ ಹೊತ್ತಿಗೆ ಕಡಲ ಮೇಲೆ ಒಂದಿಷ್ಟು ನೀಲಿ ಜಿನುಗಿ
ಒಂದು ಹೊಡೆಯುವಷ್ಟರಲ್ಲಿ ಇಂಗಿಹೋಗುತ್ತದೆ.
ಎಂಬತ್ತನಾಲ್ಕು ಕುರ್ಚಿಯ ಟಾಕೀಸಿನಲ್ಲಿ ನಾನೊಬ್ಬಳೇ,
ನಡುಸಾಲು, ತೊಡೆಯ ಮೇಲೆ ನೋಟುಬುಕ್ಕು,
ಪೆನ್ನಿನ ಕುತ್ತಿಗೆಗೆ ಕಟ್ಟಿದ ಮಿಣುಕು ದೀಪ.

ಶುಕ್ರವಾರ ಒಂದನೇ ಕ್ಲಾಸಿನ ಹದಿನೇಳು ಮಕ್ಕಳು ಬರುತ್ತಾರೆ,
ಹೊಳೆಯುವ ಹಳದಿ ಅಂಗಿ ತೊಟ್ಟು, ಒಂದೇ ಹಗ್ಗ ಹಿಡಿದು.
ರಾಜಧಾನಿಯವರು ಮುದ್ರೆ ಒತ್ತಿಯೇ ಕಳಿಸಿದ್ದಾರೆ:
ಆರು ತುಂಬಿದವರು ನೋಡಬಹುದು.
ತುಂಬುವುದೆಂದರೆ ಏನೆಂದು ಮುದ್ರೆಯಲ್ಲಿಲ್ಲ.
ನನಗೆ ಆರೆಂದರೆ ಮಾರೆತ್‌ಳ ಬಿದ್ದ ಮುಂದಿನ ಹಲ್ಲು,
ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಸಿವರ್ಟ್,
ಸೆಪ್ಟೆಂಬರಿನಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ಐಲು.

ಉಣ್ಣೆಯ ಗೊಂಬೆಗಳ ಚಿತ್ರ. ಮನೆ, ಅಕ್ಕ, ತಮ್ಮ, ಒಂದು ನಾಯಿ.
ಹನ್ನೆರಡನೆಯ ನಿಮಿಷ: ಅಮ್ಮ ಸಾಯುತ್ತಾಳೆ.
ತೋರಿಸುವುದಿಲ್ಲ. ಬಾಗಿಲಲ್ಲಿ ಬೂಟು ಮಾತ್ರ.
ಇಪ್ಪತ್ತೇಳು: ಅಪ್ಪ ಮಾತು ಬಿಡುತ್ತಾನೆ. ಬೆನ್ನು ಮರಗಟ್ಟುತ್ತದೆ,
ನಿಜಕ್ಕೂ ಮರ. ಲಟಲಟ ಸದ್ದು.
ನಲವತ್ತು: ಅಪ್ಪ ಈಗ ಪೂರ್ತಿ ಬೀರು. ಚಿಲಕ ಒಳಗಿನಿಂದ.
ನಲವತ್ತಾರು: ಅಕ್ಕನ ಕೈಯಲ್ಲಿ ಕೊಡಲಿ.
ಇಲ್ಲಿ ನನ್ನ ಪೆನ್ನು ನಿಂತಿತು.

"ಸದ್ದು ಎರಡು ಗೆರೆ ಇಳಿಸೋಣ ಟೂರಿಡ್,
ಹೆದರಿಕೆ ಅರ್ಧ ಇಳಿಯುತ್ತೆ" ಅಂತ
ಮೇಲಿನ ಕಿಂಡಿಯಿಂದ ಊಡ್ವಾರ್.
ಮೂವತ್ತು ವರ್ಷ ಚಿತ್ರ ಓಡಿಸಿದವನು,
ಭಯವೆಲ್ಲ ಕಿವಿಯಲ್ಲಿದೆ ಎಂದು ನಂಬಿದ್ದಾನೆ.

ನಾನು ಆರರವಳಿದ್ದಾಗ ಚಿಕ್ಕಪ್ಪನ ದೋಣಿ ಬರಲಿಲ್ಲ.
ಪಕ್ಕದ ಮನೆಗೆ ಕಳಿಸಿದರು, ಶರಬತ್ತು ಕೊಟ್ಟರು,
ಪರದೆ ಎಳೆದರು, ಕೂಸಿಗೇನು ತಿಳಿಯುತ್ತೆ ಎಂದರು.
ಏನನ್ನೂ ತೋರಿಸಲಿಲ್ಲ.
ಆ ತೋರಿಸದ್ದನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ,
ಬಾಯಲ್ಲಿ ಕೆಂಪು ಶರಬತ್ತಿನ ರುಚಿ ಸಮೇತ.
ಹಾಗಂತ ಎಲ್ಲವನ್ನೂ ತೋರಿಸಿಬಿಡಬೇಕೆ?
ಗೊತ್ತಿಲ್ಲ. ಅದು ನನ್ನ ಲೆಕ್ಕ,
ಹದಿನೇಳು ಮಕ್ಕಳ ಮೇಲೆ ಬರೆಯುವುದಲ್ಲ.

ಐಲುವಿನ ತಂದೆಗೆ ಫೋನು ಮಾಡಿದೆ.
ಕತೆ ಹೇಳಿದೆ, ಬೀರುವಿನ ತನಕ.
ಆ ಕಡೆ ಬಹಳ ಹೊತ್ತು ಬರೀ ಗಾಳಿ.
"ಅವನನ್ನೇ ಕೇಳ್ತೀನಿ" ಅಂದ.

ಗುರುವಾರ ಸಂಜೆ ಇಬ್ಬರೂ ಬಂದರು,
ಹಿಮ ಕೊಡವಿ ಎರಡನೆಯ ಸಾಲಿನಲ್ಲಿ ಕೂತರು.
ನಾನು ಪರದೆ ನೋಡಲಿಲ್ಲ. ಹಿಂದಿನಿಂದ ಎರಡು ತಲೆ ನೋಡಿದೆ,
ಒಂದು ಕುರ್ಚಿಯ ಮೇಲೆ, ಒಂದು ಕುರ್ಚಿಗಿಂತ ಕೆಳಗೆ.
ಬೂಟಿಗೆ ಏನೂ ಆಗಲಿಲ್ಲ. ಲಟಲಟಕ್ಕೆ ಹುಡುಗ ನಕ್ಕ.
ಕೊಡಲಿ ಎದ್ದಾಗ ಮುಖ ಮುಚ್ಚಿಕೊಂಡದ್ದು
ದೊಡ್ಡ ತಲೆ.
ಚಿಕ್ಕದು ಬಾಗಿ ತೋಳು ಜಗ್ಗಿತು:
"ಅಪ್ಪಾ, ಆಯ್ತು. ಈಗ ನೋಡು."

ದೀಪ ಹಚ್ಚಿದ ಮೇಲೆ ಕೇಳಿದೆ, ಹೇಗಿತ್ತು?
ಐಲು ಟೋಪಿಯ ದಾರ ಅಗಿಯುತ್ತಾ ಯೋಚಿಸಿ
"ನಾಯಿಗೆ ಊಟ ಯಾರು ಹಾಕಿದ್ರು?" ಅಂದ.
ನನ್ನ ಐದು ಪುಟದಲ್ಲಿ ನಾಯಿ ಎಲ್ಲೂ ಇರಲಿಲ್ಲ.

ಶುಕ್ರವಾರ ಹದಿನೇಳರಲ್ಲಿ ಮೂವರು ಅತ್ತರು,
ಅಮ್ಮ ಸತ್ತದ್ದಕ್ಕಲ್ಲ, ಗಂಜಿ ಸೀದದ್ದಕ್ಕೆ.
ಸಿವರ್ಟ್ ಕಿವಿ ಮುಚ್ಚಿ ಕಣ್ಣು ತೆರೆದೇ ಕೂತಿದ್ದ.
ಮಾರೆತ್‌ಳ ಅಜ್ಜಿ ಕಾಗದ ಬರೆದಿದ್ದಾರೆ, ಎರಡು ಪುಟ:
ಹುಡುಗಿ ರಾತ್ರಿ ಬೀರುವಿಗೆ ಒರಗಿ ಮಲಗುತ್ತಾಳಂತೆ,
ಯಾರಾದರೂ ಒಳಗಿದ್ದರೆ ಒಂಟಿಯಾಗಬಾರದು ಅಂತ.
ಇದು ದೂರೋ ಹೊಗಳಿಕೆಯೋ, ಅವರಿಗೂ ಖಚಿತವಿಲ್ಲ.
ಉತ್ತರ ಇನ್ನೂ ಬರೆದಿಲ್ಲ.

ನಿನ್ನೆ ಮಂದಿರ ಗುಡಿಸಿದ ಮೇಲೆ
ಊಡ್ವಾರ್‌ಗೆ ಹೇಳಿ ಮತ್ತೊಮ್ಮೆ ಹಾಕಿಸಿದೆ,
ಸದ್ದಿಲ್ಲದೆ, ನಾಯಿಯನ್ನಷ್ಟೇ ನೋಡುತ್ತಾ.
ಐವತ್ತೆರಡನೆಯ ನಿಮಿಷ: ಎಡಮೂಲೆ, ಮೇಜಿನ ಕೆಳಗೆ
ಬಟ್ಟಲು ತುಂಬಿದೆ.
ತುಂಬಿದ ಕೈ ತೋರಿಸಿಲ್ಲ.
ಬೀರು ಒಂದಿಷ್ಟು ಆಚೆ ಸರಿದಂತಿದೆ, ಬೆಳಕಿನ ಆಟವೂ ಇರಬಹುದು.
ಬರೆದುಕೊಂಡೆ. ಐಲುವಿಗೆ ಹೇಳಬೇಕು.